ಅಡ್ಡ ಬಾವಿ ಪ್ಲ್ಯಾನ್ ಮಾಡುವ ಸಾಫ್ಟ್‌ವೇರ್: ನಾಲ್ಕು ವರ್ಷ ಬಳಸಿದ ಮೇಲೆ 5ಕ್ಕೆ 3.5

ಹೆಸರು ಬರೆಯುವುದಿಲ್ಲ. ಪ್ರತಿ ವರ್ಷ ಲೈಸೆನ್ಸಿಗೆ ಅದನ್ನು ಮಾಡಿದ ಕಂಪನಿಯವರ ಮುಂದೆಯೇ ಹೋಗಿ ನಿಲ್ಲಬೇಕಾದವನು ನಾನು. ಈ ಕಸುಬಿನಲ್ಲಿರುವವರಿಗೆ ಹೇಗೂ ಗೊತ್ತಾಗುತ್ತದೆ.

ಮೈಸೂರಿನ ಕುವೆಂಪುನಗರದ ಮನೆಯ ಮಹಡಿಯಲ್ಲಿ ಕೂತು ಪಶ್ಚಿಮ ಟೆಕ್ಸಾಸಿನ ಪರ್ಮಿಯನ್ ಬೇಸಿನ್ನಿನ ತೈಲ ಬಾವಿಗಳಿಗೆ ದಾರಿ ಹಾಕಿಕೊಡುವುದು ನನ್ನ ಕೆಲಸ. ಅಲ್ಲಿ ಬೆಳಗಾಗುವಾಗ ಇಲ್ಲಿ ದೀಪ ಹಚ್ಚುವ ಹೊತ್ತು. ಮಂಡ್ಯದ ಮಾವನಿಗೆ ಇದನ್ನೆಲ್ಲ ವಿವರಿಸಿದರೆ, 'ಹುಲಿಕೆರೇಲಿ ನಾಲೆಗೆ ಸುರಂಗ ಹೊಡ್ದವ್ರಲ್ಲ, ಹಂಗಾ?' ಅಂದರು. 'ಹಂಗೇ ಮಾವ, ಆದ್ರೆ ಇದ್ರೊಳಕ್ಕೆ ಯಾರೂ ಇಳಿಯಂಗಿಲ್ಲ' ಅಂದೆ. ನೆಟ್ಟಗೆ ಇಳಿದ ಬಾವಿಯನ್ನು 30 ಮೀಟರಿಗೆ 3 ಡಿಗ್ರಿಯಂತೆ ಬಾಗಿಸುತ್ತಾ ಹೋದರೆ, ಅದು ಪೂರ್ತಿ ಮಲಗುವಷ್ಟರಲ್ಲಿ 900 ಮೀಟರ್ ಕೊರೆದಾಗಿರುತ್ತದೆ. ಆಮೇಲೆ ಅದೇ ಪದರದೊಳಗೆ ಮೂರು ಕಿಲೋಮೀಟರ್ ಅಡ್ಡ ಸಾಗಬೇಕು.

ನಾಲ್ಕು ವರ್ಷ ಈ ಸಾಫ್ಟ್‌ವೇರನ್ನು ಬಿಡದಿರುವುದಕ್ಕೆ ಕಾರಣ ಇದರ ಟಾರ್ಕ್-ಡ್ರ್ಯಾಗ್ ಲೆಕ್ಕ, ಅಂದರೆ ಪೈಪನ್ನು ತಿರುಗಿಸಲು ಎಷ್ಟು ಬಲ ಬೇಕು, ಬಾವಿಯ ಗೋಡೆಗೆ ಉಜ್ಜಿ ಅದು ಎಷ್ಟು ತಡೆಯುತ್ತದೆ ಎಂಬ ಲೆಕ್ಕ. ನೆಟ್ಟಗಿನ ಬಾವಿಯಲ್ಲಿ ಪೈಪಿನ ಭಾರವೇ ಅದರ ತುದಿಯಲ್ಲಿ ಬಂಡೆ ಕೊರೆಯುವ ಬಿಟ್ ಅನ್ನು ಒತ್ತುತ್ತದೆ. ಬಾವಿ ಮಲಗಿದ ಮೇಲೆ ಅದೇ ಭಾರ ಕಾಲಿಗೆ ಕಟ್ಟಿದ ಕಲ್ಲು. ಘರ್ಷಣೆಯ ಅಂಶ 0.3 ಎಂದು ಹಿಡಿದರೆ, ನೆಟ್ಟಗಿನಿಂದ ಓರೆ ಸುಮಾರು 73 ಡಿಗ್ರಿ ದಾಟಿದ ಮೇಲೆ ಪೈಪು ತನ್ನ ಭಾರಕ್ಕೆ ತಾನು ಜಾರುವುದಿಲ್ಲ, ಹಿಂದಿನಿಂದ ತಳ್ಳಬೇಕು. ತೀರಾ ತಳ್ಳಿದರೆ ಮೊದಲು ಹಾವಿನಂತೆ ಡೊಂಕಾಗುತ್ತದೆ, ಆಮೇಲೆ ಸ್ಪ್ರಿಂಗಿನಂತೆ ಸುತ್ತಿಕೊಂಡು ಗೋಡೆಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಷ್ಟು ತಳ್ಳಿದರೂ ಬಿಟ್‌ಗೆ ಮುಟ್ಟುವುದಿಲ್ಲ. ಇದು ಯಾವ ಆಳದಲ್ಲಿ ಶುರುವಾಗುತ್ತದೆ ಎಂಬುದನ್ನು ಈ ಸಾಫ್ಟ್‌ವೇರ್ ಚೆನ್ನಾಗಿ ಹೇಳುತ್ತದೆ. ಆದರೆ ಪಕ್ಕದ ಬಾವಿ ಕೊರೆದಾಗ ರಿಗ್ಗಿನ ಕೊಕ್ಕೆಯ ಮೇಲೆ ಬಿದ್ದ ಭಾರದ ದಾಖಲೆ ಹಾಕಿ ಘರ್ಷಣೆಯ ಅಂಶವನ್ನು ನೀವೇ ಸರಿ ಮಾಡಿಕೊಳ್ಳಬೇಕು. ಅದು ಕೊಡುವ ಸಿದ್ಧ ಅಂಕಿಯನ್ನೇ ನಂಬಿ ಕೂತರೆ ಗ್ರಾಫು ಚೆಂದ ಬರುತ್ತದೆ, ಅಷ್ಟೇ.

ಇನ್ನು ನನ್ನ ದೊಡ್ಡ ಸಿಟ್ಟು. ನಮ್ಮ ಕೆಲಸದಲ್ಲಿ ಉತ್ತರ ದಿಕ್ಕು ಯಾವುದು ಎಂಬ ಒಂದೇ ಪ್ರಶ್ನೆಗೆ ಮೂರು ಉತ್ತರ: ನಿಜವಾದ ಉತ್ತರ, ನಕ್ಷೆಯ ಚೌಕಳಿಯ ಉತ್ತರ, ಕಾಂತದ ಮುಳ್ಳು ತೋರಿಸುವ ಉತ್ತರ. ಎರಡನೇ ವರ್ಷ ಹಳೆಯ ಪ್ರಾಜೆಕ್ಟೊಂದನ್ನು ನಕಲು ಮಾಡಿ ಹೊಸದು ಶುರು ಮಾಡಿದ್ದೆ. ಗ್ರಾಹಕರ ಟಾರ್ಗೆಟ್ಟುಗಳು, ಅಂದರೆ ಬಾವಿ ಮುಟ್ಟಬೇಕಾದ ಜಾಗಗಳು, ಇದ್ದದ್ದು ನಕ್ಷೆಯ ಉತ್ತರದ ಲೆಕ್ಕದಲ್ಲಿ. ಸೆಟ್ಟಿಂಗು ಮಾತ್ರ ಸದ್ದಿಲ್ಲದೆ ನಿಜ ಉತ್ತರಕ್ಕೆ ಹೋಗಿ ಕೂತಿತ್ತು. ಆ ನಕ್ಷೆಯಲ್ಲಿ ಎರಡರ ನಡುವಿನ ಅಂತರ ಒಂದೂವರೆ ಡಿಗ್ರಿ. ಕೇಳಲು ಏನೂ ಅನ್ನಿಸುವುದಿಲ್ಲ, ಆದರೆ ಮೂರು ಕಿಲೋಮೀಟರಿನ ತುದಿಗೆ ಅದು 78 ಮೀಟರ್. ಪಕ್ಕದ ಬಾವಿ ಇದ್ದದ್ದು 200 ಮೀಟರಿನಲ್ಲಿ! ಸಹೋದ್ಯೋಗಿಯೊಬ್ಬರು ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದರಿಂದ ಕೊರೆಯುವ ಮೊದಲೇ ಸಿಕ್ಕಿತು. ಸಾಫ್ಟ್‌ವೇರ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಕಂಪನಿಗೆ ಮೂರು ಸಲ ಬರೆದ ಮೇಲೆ ಈಗ ಯಾವ ಉತ್ತರ ದಿಕ್ಕು ಹಿಡಿದಿದೆ ಎಂಬುದನ್ನು ಪರದೆಯ ಮೂಲೆಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ತೋರಿಸುತ್ತಿದ್ದಾರೆ.

ಬಾವಿ ನಿಜಕ್ಕೂ ಎಲ್ಲಿರಬಹುದು ಎಂಬ ಅನುಮಾನದ ಅಂಡಾಕಾರಗಳನ್ನು ಸರಿಯಾಗಿಯೇ ಬಿಡಿಸುತ್ತದೆ. ಹತ್ತು ಹದಿನೈದು ಬಾವಿ ಸೇರಿದರೆ ಮಾತ್ರ ಒಂದು ಲೋಟ ಕಾಫಿ ಮುಗಿಯುವವರೆಗೆ ಕಾಯಬೇಕು. ಕರೆಂಟು ಹೋಗಿ ಕಂಪ್ಯೂಟರ್ ಆರಿದರೆ ಲೈಸೆನ್ಸ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಯುಪಿಎಸ್ ಇಲ್ಲದೆ ಇದರ ಸಹವಾಸ ಬೇಡ.

ಹೊಸದಾಗಿ ಕಲಿಯುವವರು ಮೊದಲು ನಾಲ್ಕು ಸರ್ವೇ ಬಿಂದುಗಳ (ಬಾವಿಯ ಓರೆ, ದಿಕ್ಕು ಅಳೆದ ಜಾಗಗಳ) ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಿ, ಆಮೇಲೆ ಇದನ್ನು ಮುಟ್ಟಿ. ನಾನು ಈ ತಿಂಗಳು ಇನ್ನೊಂದು ವರ್ಷಕ್ಕೆ ದುಡ್ಡು ಕಟ್ಟಿದ್ದೇನೆ. ಹಳೆ ಪ್ರಾಜೆಕ್ಟ್ ನಕಲು ಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ. ಪ್ರತಿ ಸಲ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.