ಬಣ್ಣ ಹಚ್ಚಿದ ಕೂದಲಿಗೆ ಕೊಬ್ಬರಿ ಎಣ್ಣೆಯೋ, ಸೀರಮ್ಮೋ?

ವಿಜಯಪುರದ ಬಿಸಿಲು, ಜೊತೆಗೆ ಬೋರ್‌ವೆಲ್ಲಿನ ಸವಳು ನೀರು. ಬಣ್ಣ ಹಚ್ಚಿದ ಕೂದಲು ಇಲ್ಲಿ ಬೇಗ ಒರಟಾಗುತ್ತದೆ. "ಅಕ್ಕಾ, ಎರಡರಲ್ಲಿ ಒಂದೇ ತಗೊಳ್ಳೋದಾದರೆ ಯಾವುದು?" ಅಂತ ತಂಗಿ ಮೊನ್ನೆ ಕೇಳಿದಳು.

ಎರಡರ ಕೆಲಸವೇ ಬೇರೆ. ಕೊಬ್ಬರಿ ಎಣ್ಣೆ ಎಳೆಯ ಒಳಗೆ ಇಳಿಯುತ್ತದೆ, ಅದರಲ್ಲಿರುವ ಲಾರಿಕ್ ಆಮ್ಲದ ಗುಣ ಅದು. ತಲೆ ತೊಳೆಯುವಾಗ ಕೂದಲು ನೀರು ಕುಡಿದು ಉಬ್ಬುವುದು, ಪ್ರೋಟೀನ್ ಕಳೆದುಕೊಳ್ಳುವುದು ಇದರಿಂದ ಕಡಿಮೆಯಾಗುತ್ತದೆ. ಹಾಗಾಗಿ ಎಣ್ಣೆಯನ್ನು ಸ್ನಾನಕ್ಕೆ ಮುಂಚೆಯೇ ಹಚ್ಚಬೇಕು. ತುದಿಗಳಿಗೆ ಸ್ವಲ್ಪ ಜಾಸ್ತಿ, ಬುಡಕ್ಕೆ ಕಡಿಮೆ.

ಸೀರಮ್ಮಿನ ಸಿಲಿಕೋನ್ ಎಳೆಯ ಮೇಲೆ ತೆಳ್ಳಗೆ ಕೂರುತ್ತದೆ. ಸಿಕ್ಕು ಬಿಡುತ್ತದೆ, ಹೊಳಪು ಬರುತ್ತದೆ. ಸೀಳಿದ ತುದಿ ಮಾತ್ರ ಕೂಡಿಕೊಳ್ಳುವುದಿಲ್ಲ, ಅದನ್ನು ಕತ್ತರಿಸಲೇಬೇಕು.

ಸ್ಟ್ರೇಟ್ನರ್ ಹಿಡಿಯುವವರಿಗೆ ನನ್ನ ಮಾತು ನೇರ: ಬಿಸಿ ತಡೆಯುತ್ತದೆ ಅಂತ ಬಾಟಲಿಯ ಮೇಲೆ ಬರೆದಿರುವ ಸೀರಮ್ಮನ್ನೇ ತಗೊಳ್ಳಿ. ಎಣ್ಣೆ ಹಚ್ಚಿ ಇಸ್ತ್ರಿ ಮಾಡಬೇಡಿ. ಒಮ್ಮೆ ಮದುವೆಗೆ ಹೊತ್ತಾಯಿತೆಂದು ನಾನು ಹಸಿ ಕೂದಲಿಗೇ ಸ್ಟ್ರೇಟ್ನರ್ ಒತ್ತಿದ್ದೆ. ಚುಂಯ್ ಎಂದಿತು, ಆವಿ ಎದ್ದಿತು. ಎಳೆಯೊಳಗಿನ ನೀರು ಹಾಗೆ ಕುದ್ದರೆ ಗುಳ್ಳೆಗಳಾಗಿ ಕೂದಲು ಅಲ್ಲೇ ತುಂಡಾಗುತ್ತದೆ. ಆ ವಾರವಿಡೀ ಬಾಚಣಿಕೆಯಲ್ಲಿ ಬೆರಳುದ್ದದ ತುಂಡುಗಳು ಬಂದವು, ಹೊಟ್ಟೆ ಉರಿಯಿತು. ಪೂರ್ತಿ ಒಣಗಲಿ. ಬಣ್ಣದ ಕೂದಲಿಗೆ 180 ಡಿಗ್ರಿ ದಾಟಿಸಬೇಡಿ.

ತಂಗಿ ಬರೀ ಜಡೆ ಹಾಕುವವಳು, ಬಿಸಿಯ ತಂಟೆಗೇ ಹೋಗುವುದಿಲ್ಲ. ಅವಳಿಗೆ ಎಣ್ಣೆ ಸಾಕು ಎಂದೆ. ಸವಳು ನೀರಲ್ಲಿ ತಲೆ ತೊಳೆದರೂ ಕೊನೆಯ ಚೊಂಬು ಮಾತ್ರ ಫಿಲ್ಟರ್ ನೀರಿನದಿರಲಿ.