ಗುಂಯ್ ಅನ್ನುವ ಕೋಣೆಗೆ ಗಾದಿ ಅಂಗಡಿಯ ಫೋಮ್ ಪ್ಲಗ್

ಸಣ್ಣ ಕೋಣೆಯಲ್ಲಿ ಬುಕ್‌ಶೆಲ್ಫ್ ಸ್ಪೀಕರ್ ಇಟ್ಟುಕೊಂಡು, ಬೇಸ್ ಗುಂಯ್ ಅನ್ನುತ್ತದೆ ಅಂತ ಅದನ್ನು ಮಾರಲು ಹೊರಟಿದ್ದರೆ ದಯವಿಟ್ಟು ಎರಡು ವಾರ ತಡೆಯಿರಿ. ನಾನೂ ಹೊರಟಿದ್ದೆ. ಮಾರಾಟಕ್ಕೆ ಫೋಟೋ ಕೂಡ ತೆಗೆದಾಗಿತ್ತು. ಕೊನೆಗೆ 80 ರೂಪಾಯಿಯ ಫೋಮ್ ತುಂಡುಗಳು ಮತ್ತು ಒಂದಿಷ್ಟು ಜರುಗಿಸುವ ಕೆಲಸದಿಂದ ಅದೇ ಸ್ಪೀಕರ್ ಮನೆಯಲ್ಲೇ ಉಳಿಯಿತು. ಹಾಗಾಗಿ ಇದು ಸ್ಪೀಕರ್‌ನ ಹಿಂದಿನ ತೂತಿಗೆ ತುರುಕುವ ಆ ಫೋಮ್ ಪ್ಲಗ್‌ನ ವಿಮರ್ಶೆ, ಅದನ್ನು ಕತ್ತರಿಸಿ ಕೊಟ್ಟ ಗಾದಿ ಅಂಗಡಿಯದ್ದೂ ಹೌದು.

ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ, ಹಳೇ ಸೊಸೈಟಿ, ಎರಡನೇ ಮಹಡಿ. ಕೋಣೆ 11 ಅಡಿ ಉದ್ದ, 10 ಅಡಿ ಅಗಲ, ಎತ್ತರ ಒಂಬತ್ತೂವರೆ ಅಡಿ. ಸ್ಪೀಕರ್‌ನ ವೂಫರ್, ಅಂದರೆ ಬೇಸ್ ನುಡಿಸುವ ದೊಡ್ಡ ಕೋನ್, ಐದೂಕಾಲು ಇಂಚಿನದು, ಹಿಂದುಗಡೆ ಪೋರ್ಟ್ ಇದೆ, ಅಂದರೆ ಬೇಸ್ ಹೊರಬರುವ ತೂತು. ಗೋಡೆಗೆ ನಾಲ್ಕೇ ಇಂಚು ಬಿಟ್ಟು ಟೇಬಲ್ ಮೇಲೆ ಇಟ್ಟಿದ್ದೆ.

ನಾನು ಜಾಸ್ತಿ ಕೇಳುವುದು ಭೀಮಸೇನ ಜೋಶಿಯವರನ್ನು. ನಮ್ಮ ಗದಗಿನವರು, ಪುಣೆಯಲ್ಲಿ ನೆಲೆಸಿದವರು, ಈ ಊರಲ್ಲಿ ಕೂತು ಅವರನ್ನು ಕೇಳುವ ಸುಖವೇ ಬೇರೆ. ತಬಲಾದವರು ಡಗ್ಗಾದ, ಅಂದರೆ ಜೋಡಿಯ ದೊಡ್ಡ ಎಡ ತಬಲಾದ, ಮೇಲೆ ಮಣಿಕಟ್ಟು ಒತ್ತಿ ಜಾರಿಸಿದಾಗ ದನಿ ಕೆಳಗಿಂದ ಮೇಲಕ್ಕೆ ಒಂದೇ ಸಮನೆ ಏರಬೇಕು, ಅಲ್ವಾ? ನನ್ನ ಕೋಣೆಯಲ್ಲಿ ಅದು ಏರುತ್ತಾ ಏರುತ್ತಾ ನಡುವೆ ಒಂದು ಕಡೆ ಬಂದು ಊದಿಕೊಳ್ಳುತ್ತಿತ್ತು, ಅಲ್ಲೇ ಉಳಿದುಕೊಂಡು ಮುಂದಿನ ಬೋಲನ್ನೇ, ಅಂದರೆ ತಬಲಾದ ಮುಂದಿನ ಪೆಟ್ಟನ್ನೇ, ಮುಚ್ಚಿಬಿಡುತ್ತಿತ್ತು. ಕಬ್ಬಿಣದ ಕಪಾಟಿನ ಬಾಗಿಲು ಆ ಒಂದು ಸ್ವರಕ್ಕೆ ಮಾತ್ರ ಝರ್ ಅನ್ನುತ್ತಿತ್ತು. ಕೆಳಗಿನ ಮನೆಯ ಬೆಳಗಾವಿ ಕಾಕು ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದರು: "ಹಾಡು ಕೇಳಸಂಗಿಲ್ಲ ತಮ್ಮಾ, ಬರೇ ಗುಂ ಗುಂ ಅಂತದ."

ಒಂದೇ ಸ್ವರಕ್ಕೆ ಕಪಾಟು ನಡುಗುತ್ತದೆ ಅನ್ನುವುದೇ ದೊಡ್ಡ ಸುಳಿವು. ತಪ್ಪು ಸ್ಪೀಕರ್‌ದಲ್ಲ, ಕೋಣೆಯದು. ಲೆಕ್ಕ ಸುಲಭ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆ ಯಾವ ಸ್ವರವನ್ನು ಹಿಡಿದುಕೊಂಡು ಬಿಡುವುದಿಲ್ಲ ಅಂತ ಗೊತ್ತಾಗುತ್ತದೆ. ನನ್ನ ಕೋಣೆಯ ಉದ್ದಕ್ಕೆ 51 ಹರ್ಟ್ಝ್, ಅಗಲಕ್ಕೆ 56, ಎತ್ತರಕ್ಕೆ 59. ಮೂರೂ ಒಂದೇ ಕಡೆ ಗುಂಪು ಸೇರಿವೆ. ಅವುಗಳ ಎರಡರಷ್ಟು, ಅಂದರೆ 100ರಿಂದ 120ರ ನಡುವೆ ಇನ್ನೊಂದು ಗುಂಪು. ಉದ್ದ, ಅಗಲ, ಎತ್ತರ ಹೆಚ್ಚುಕಡಿಮೆ ಒಂದೇ ಇರುವ ಕೋಣೆಗಳ ಕಷ್ಟವೇ ಇದು. ಮೇಲೆ ನಮ್ಮ ಗೋಡೆಗಳು ಇಟ್ಟಿಗೆ, ಸ್ಲ್ಯಾಬ್ ಕಾಂಕ್ರೀಟ್, ನೆಲಕ್ಕೆ ಟೈಲ್ಸ್. ಅಮೆರಿಕದ ಮನೆಗಳ ತೆಳು ಹಲಗೆಗೋಡೆ ಬೇಸನ್ನು ಒಂದಿಷ್ಟು ಹೀರಿಕೊಳ್ಳುತ್ತದೆ, ಒಂದಿಷ್ಟು ಆಚೆ ಬಿಡುತ್ತದೆ. ಇಟ್ಟಿಗೆ ಗೋಡೆ ಬಹುಪಾಲು ವಾಪಸ್ ಕಳಿಸುತ್ತದೆ. ಅಲ್ಲಿಯವರ ವಿಡಿಯೋ ನೋಡಿ ಇಲ್ಲಿ ಸ್ಪೀಕರ್ ಇಡುವಾಗ ಇದು ನೆನಪಿರಲಿ.

ನನಗೆ ಇದು ತಿಳಿಯುವ ಮೊದಲು ಒಂದು ಅಂಗಡಿಯವರು ಒಂದು ಇಂಚಿನ, ಮೊಟ್ಟೆ ಟ್ರೇ ಆಕಾರದ ಫೋಮ್ ಶೀಟುಗಳನ್ನು "ಬೇಸ್ ಹೋಗುತ್ತೆ" ಅಂತ ಕೊಟ್ಟರು. 2,400 ರೂಪಾಯಿ ಹೋಯಿತು, ಬೇಸ್ ಹೋಗಲಿಲ್ಲ. 50 ಹರ್ಟ್ಝ್‌ನ ಒಂದು ಅಲೆ ಸುಮಾರು 22 ಅಡಿ ಉದ್ದ ಇರುತ್ತದೆ, ಅದಕ್ಕೆ ಒಂದಿಂಚಿನ ಫೋಮ್ ಇದ್ದದ್ದೇ ಗೊತ್ತಾಗುವುದಿಲ್ಲ. ಅದು ಹೀರುವುದು ಮೇಲಿನ ದನಿಗಳನ್ನು. ಹಾಗಾಗಿ ತಂಬೂರಿಯ ಝೇಂಕಾರ ಮಂಕಾಯಿತು, ಗುಂಯ್ ಹಾಗೇ ಉಳಿಯಿತು. ದಯವಿಟ್ಟು ತೆಗೆದುಕೊಳ್ಳಬೇಡಿ.

ಮೊದಲು ಮಾಡಬೇಕಾದದ್ದು ಖರ್ಚಿಲ್ಲದ ಕೆಲಸ. ಸ್ಪೀಕರ್ ಮೂಲೆಯಿಂದ ಹೊರಗೆ ಬರಬೇಕು, ಗೋಡೆಯಿಂದ ಮುಂದೆ ಬರಬೇಕು. ನಾಲ್ಕು ಇಂಚಿನಿಂದ 14 ಇಂಚಿಗೆ ತಂದೆ. ಕುರ್ಚಿ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು, ಗೋಡೆ ಹತ್ತಿರ ಬೇಸ್ ಯಾವಾಗಲೂ ಜಾಸ್ತಿ. ಅದನ್ನು ಎರಡೂವರೆ ಅಡಿ ಮುಂದೆ ತಂದೆ. ಕೋಣೆಯ ನಟ್ಟನಡುವೆ ಮಾತ್ರ ಕೂರಬೇಡಿ, ಅಲ್ಲಿ ಅದೇ ಸ್ವರ ಮಾಯವಾಗಿ ಹಾಡು ಬಡವಾಗುತ್ತದೆ. ಗೆಳೆಯನ ಯುಮಿಕ್, ಅಂದರೆ ಶಬ್ದ ಅಳೆಯುವ ಮೈಕ್, ತಂದು ಆರ್‌ಇಡಬ್ಲ್ಯೂ (ರೂಮ್ ಇಕ್ಯೂ ವಿಝಾರ್ಡ್) ಅನ್ನುವ ಸಾಫ್ಟ್‌ವೇರ್‌ನಲ್ಲಿ ಅಳೆದೆ, ಅದು ಪುಕ್ಕಟೆ ಸಿಗುತ್ತದೆ. 54 ಹರ್ಟ್ಝ್ ಹತ್ತಿರ ಅಕ್ಕಪಕ್ಕದ ಸ್ವರಗಳಿಗಿಂತ 12 ಡೆಸಿಬೆಲ್ ಎತ್ತರದ ಗುಡ್ಡ ಇದ್ದದ್ದು 8ಕ್ಕೆ ಇಳಿದಿತ್ತು.

ಈಗ ಪ್ಲಗ್. ಕೆಇಎಫ್, ಬೋವರ್ಸ್ ಅಂಡ್ ವಿಲ್ಕಿನ್ಸ್ ಕಂಪನಿಗಳು ಕೆಲವು ಮಾಡೆಲ್‌ಗಳ ಡಬ್ಬಿಯಲ್ಲೇ ಇದನ್ನು ಕೊಡುತ್ತವೆ. ನನ್ನದಕ್ಕೆ ಬಂದಿರಲಿಲ್ಲ. ಮನೆ ಹತ್ತಿರದ ಗಾದಿ ಅಂಗಡಿಗೆ ಹೋಗಿ ಪೋರ್ಟ್‌ನ ಫೋಟೋ ತೋರಿಸಿದೆ. ಮಾಲೀಕರು ಸೋಫಾಕ್ಕೆ ಹಾಕುವ 40 ಡೆನ್ಸಿಟಿ ಫೋಮ್ ತೆಗೆದು, ಹೆಬ್ಬೆರಳಿಂದ ಒತ್ತಿ ತೋರಿಸಿ, ಇದು ಕೂರುತ್ತೆ ಅಂದರು. ನನ್ನ ಪೋರ್ಟ್ ಒಳಗಡೆ 45 ಮಿಲಿಮೀಟರ್. ಅವರು 50ಕ್ಕೆ ಗುಂಡಗೆ, ಮೂರು ಇಂಚು ಉದ್ದಕ್ಕೆ ನಾಲ್ಕು ತುಂಡು ಕತ್ತರಿಸಿದರು. ಎರಡು ತೂತಿಲ್ಲದೆ ಗಟ್ಟಿಯಾಗಿ, ಇನ್ನೆರಡಕ್ಕೆ ನಡುವೆ ಎರಡು ಬೆರಳಗಲದ ತೂತು, ಬಳೆ ಥರ. ಅಂಚು ಸ್ವಲ್ಪ ವಕ್ರ, ಅದರಿಂದ ಏನೂ ಆಗುವುದಿಲ್ಲ. ಹತ್ತೇ ನಿಮಿಷದ ಕೆಲಸ, ಅಷ್ಟು ಸಣ್ಣ ಕೆಲಸಕ್ಕೂ ಅಳತೆ ಎರಡು ಸಲ ಕೇಳಿದರು. ಅಂಗಡಿಗೆ ಐದಕ್ಕೆ ಐದು.

ಗಟ್ಟಿ ಪ್ಲಗ್ ಹಾಕಿದ ಕೂಡಲೇ ಗುಡ್ಡ 8ರಿಂದ 4ಕ್ಕೆ ಬಂತು. ತೂತು ಮುಚ್ಚಿದಾಗ ಸ್ಪೀಕರ್ ಹೆಚ್ಚುಕಡಿಮೆ ಸೀಲ್ಡ್ ಡಬ್ಬಿ ಥರ ಆಗುತ್ತದೆ, ಕೆಳಗಿನ ಬೇಸ್ ಮೊದಲೇ ಇಳಿಯಲು ಶುರುವಾಗುತ್ತದೆ, ಆದರೆ ನಿಧಾನಕ್ಕೆ ಇಳಿಯುತ್ತದೆ. ಮತ್ತೆ ಭೀಮಸೇನರನ್ನು ಹಾಕಿದೆ. ಡಗ್ಗಾ ಜಾರಿತು, ಏರಿತು, ಮುಗಿಯಿತು. ಅದರ ಹಿಂದೆಯೇ ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ, ತಂತಿ ಕೇಳಿಸಿತು, ಅದು ಅಷ್ಟು ದಿನವೂ ರೆಕಾರ್ಡಿಂಗ್‌ನಲ್ಲಿ ಇದ್ದೇ ಇತ್ತು. ಕಪಾಟು ಸುಮ್ಮನಿತ್ತು. ನಾನು ಆ ರಾಗವನ್ನು ಪೂರ್ತಿ ಕೇಳಿಯೇ ಎದ್ದೆ.

ಕೊರತೆ ಇದೆ. ಸಿನಿಮಾ ಹಾಡುಗಳಿಗೆ ಗಟ್ಟಿ ಪ್ಲಗ್‌ನಲ್ಲಿ ತಳ ತೆಳುವಾಗುತ್ತದೆ, ಅದಕ್ಕೆ ಬಳೆ ಪ್ಲಗ್ ಹಾಕುತ್ತೇನೆ. ಪೋರ್ಟ್ ಮುಚ್ಚಿದಾಗ, ಪೋರ್ಟ್ ಕೆಲಸ ಮಾಡುತ್ತಿದ್ದ ಸ್ವರಗಳ ಸುತ್ತ ವೂಫರ್ ಜಾಸ್ತಿ ಅಲುಗಾಡುತ್ತದೆ, ಆದ್ದರಿಂದ ವಾಲ್ಯೂಮ್ ತೀರಾ ಏರಿಸಬೇಡಿ. ಉಳಿದ 4 ಡೆಸಿಬೆಲನ್ನು ಕಂಪ್ಯೂಟರ್‌ನಲ್ಲಿ ಈಕ್ವಲೈಸರ್ ಎಪಿಒ ಅನ್ನುವ, ಬೇಕಾದ ಸ್ವರವನ್ನು ಏರಿಸಿ ಇಳಿಸುವ ಸಾಫ್ಟ್‌ವೇರ್‌ನಿಂದ, ಅದೂ ಪುಕ್ಕಟೆಯೇ, 54 ಹರ್ಟ್ಝ್‌ನಲ್ಲಿ ಮಾತ್ರ ತಗ್ಗಿಸಿದೆ. ಗುಡ್ಡ ಕಡಿಯಿರಿ, ಹಳ್ಳ ತುಂಬಲು ಹೋಗಬೇಡಿ, ತುಂಬಿದರೆ ಸ್ಪೀಕರ್‌ಗೂ ಆಂಪ್ಲಿಫೈಯರ್‌ಗೂ ಸುಮ್ನೆ ಹೊರೆ.

ಪ್ಲಗ್‌ಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಯಾಕಂದರೆ ಮಳೆಗಾಲದ ತೇವಕ್ಕೆ ಈ ಫೋಮ್ ಕ್ರಮೇಣ ಪುಡಿಯಾಗುತ್ತದೆ, ಪುಡಿ ಒಳಗೆ ಬೀಳಬಾರದು. ಗಣಪತಿ ಹಬ್ಬ ಮುಗಿದ ಮೇಲೆ ಒಮ್ಮೆ ಹೊರಗೆಳೆದು ಹಿಚುಕಿ ನೋಡಿ, ಮತ್ತೆ ಹಾಕುವಾಗ ಅರ್ಧ ಇಂಚು ಹೊರಗೇ ಬಿಡಿ, ಪೂರ್ತಿ ಒಳಗೆ ಹೋದರೆ ತೆಗೆಯುವುದು ಕಷ್ಟ.