ಮಾಡೆಲ್‌ನಲ್ಲಿ ವಿವರ ಎಷ್ಟಿರಬೇಕು: 200, 300, 400?

ಧಾರವಾಡದಲ್ಲಿ ಎರಡಂತಸ್ತಿನ ಮನೆ, ಕಂಪ್ಯೂಟರಿನಲ್ಲಿ ಬಿಡಿಸುವ ಅದರ 3ಡಿ ಮಾಡೆಲ್ ಅನ್ನು ಮೊದಲ ದಿನದಿಂದಲೇ 400ಕ್ಕೆ ಒಯ್ಯಲಾ ಅಂತ ಕೇಳಿದ್ದೀರಿ. ಈ ಎಲ್‌ಒಡಿ (ಲೆವೆಲ್ ಆಫ್ ಡೆವಲಪ್‌ಮೆಂಟ್) ಅಂಕಿಗಳು ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 2008ರಲ್ಲಿ ತಂದದ್ದು. ಮಾಡೆಲ್‌ನ ಒಂದೊಂದು ಭಾಗವನ್ನು ಎಷ್ಟು ನಂಬಬಹುದು ಅನ್ನೋದರ ಅಳತೆ ಅವು.

ಸಮಯ ನೋಡಿದರೆ 200 ಅಗ್ಗ. ಗೋಡೆ, ಕಿಟಕಿ ಎಲ್ಲ ಅಂದಾಜು ಅಳತೆಯಲ್ಲಿರುತ್ತವೆ. ಮನೆಯವರು ‘ಪಡಸಾಲೆ ಇನ್ನೆರಡು ಅಡಿ ಜಾಸ್ತಿ ಇರಲಿ’ ಅಂದರೆ ಬೇಗ ತಿದ್ದಬಹುದು. 400ರಲ್ಲಿ ಕಂಬಿಯ ಬಾಗು, ಜೋಡಣೆಯವರೆಗೆ ಬಿಡಿಸಿ ಕೂತಿದ್ದರೆ ಅದೆಲ್ಲ ಮತ್ತೆ ಮಾಡಬೇಕು. ಮನೆಯವರು ಮನಸ್ಸು ಬದಲಿಸದೇ ಇರ್ತಾರಾ?

ಕೆಲಸದ ನಕ್ಷೆಗೆ, ಇಟ್ಟಿಗೆ-ಕಾಂಕ್ರೀಟಿನ ಲೆಕ್ಕಕ್ಕೆ 300 ಬೇಕು. ಅಲ್ಲಿ ಗಾತ್ರ, ಜಾಗ ಖಚಿತ. ಹಾಗಂತ ಇಡೀ ಮನೆ ಒಂದೇ ಅಂಕಿಯಲ್ಲಿರಬೇಕಿಲ್ಲ. ನಿಮ್ಮ ಸೈಟು ಎರೆ ಮಣ್ಣಿನದಾದರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮಣ್ಣಿನ ಪರೀಕ್ಷೆ ಆಗೋವರೆಗೆ ಪಾಯವನ್ನು 200ರಲ್ಲೇ ಬಿಡಿ. ಮೇಲಿನ ಬಾಗಿಲು-ಕಿಟಕಿ 300ಕ್ಕೆ ಹೋಗಲಿ.

ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಉಕ್ಕಿನ ಶೆಡ್ ಆಗಿದ್ದರೆ ಮಾತು ಬೇರೆ. ಕತ್ತರಿಸಿ, ತೂತು ಕೊರೆದು ತರುವ ತೊಲೆಗಳಿಗೆ 400 ಬೇಕೇ ಬೇಕು. ಅದನ್ನೂ ಫ್ಯಾಬ್ರಿಕೇಟರೇ ಬಿಡಿಸಿದರೆ ಒಳ್ಳೆಯದು. ಗೌಂಡಿ ಕಟ್ಟುವ ಇಟ್ಟಿಗೆ ಗೋಡೆಗೆ ಅಷ್ಟು ವಿವರ ಸುಮ್ನೆ ದಂಡ. ನಿಮ್ಮಲ್ಲಿ ಕಬ್ಬಿಣದ ಮೆಟ್ಟಿಲಿದ್ದರೆ ಅದೊಂದನ್ನು, ಅದೂ ಕೊನೆಗೆ, 400ಕ್ಕೆ ಒಯ್ಯಿರಿ.